ದಿನಕ್ಕೊಂದೇ ಗುಳಿಗೆ

ಡಬ್ಬಿಯ ಮುಚ್ಚಳ ಹಾಕಲು ಎಷ್ಟು ಹೊತ್ತು ಬೇಕು? ಒಂದು ಸೀನು ಸೀನಿ ಮುಗಿಸುವಷ್ಟು ಹೊತ್ತು ಸಾಕು. ಅಷ್ಟನ್ನು ಉಳಿಸಲು ಹೋಗಿ ಕಟ್ಟಿಗೆ ಡಿಪೋದ ಕಾರಕೂನ ಮಧುಕೇಶ್ವರ ಪಟ್ಟ ಪಾಡು ದಾಸನಕೊಪ್ಪದಲ್ಲಿ ಬಹಳ ಕಾಲ ಜನರ ಬಾಯಿಗೆ ಎಲೆಯಡಿಕೆಯಾಗಿತ್ತು.

ಡಬ್ಬಿ ಅವನದಲ್ಲ. ಡಬ್ಬಿಯೊಳಗಿನ ಗುಳಿಗೆಯೂ ಅವನದಲ್ಲ, ಅದನ್ನು ತಿನ್ನುವ ನಾಯಿಯೂ ಅವನದಲ್ಲ. ಎಲ್ಲವೂ ಸಿರ್ಸಿಯಲ್ಲಿದ್ದ ರೇಂಜ್ ಸಾಹೇಬರಾದ ಕರ್ಜಗಿಯವರದು. ಭಯವೊಂದೇ ಮಧುಕೇಶ್ವರನ ಸ್ವಂತದ್ದು.

ಆಣೆ ಹೋಗಿ ಹೊಸ ಪೈಸೆ ಬಂದು, ಸಂತೆಯಲ್ಲಿ ಇನ್ನೂ ಎಲ್ಲರೂ ಲೆಕ್ಕ ತಪ್ಪುತ್ತಿದ್ದ ಕಾಲ. ಕರ್ಜಗಿ ಸಾಹೇಬರನ್ನು ಮೇಲಿನವರು ಎರಡು ತಿಂಗಳ ತರಬೇತಿಗೆಂದು ದೂರದ ಊರಿಗೆ ಕಳಿಸಿದರು. ಸಾಹೇಬರು ಒಂಟಿಜೀವಿ. ಹೆಂಡತಿ ಮಕ್ಕಳ ಜಾಗದಲ್ಲಿ ಅವರಿಗೆ ಒಂದು ನಾಯಿ. ಊರು ಬಿಟ್ಟು ಹೋಗುತ್ತಿದ್ದ ಯಾರೋ ಇಂಗ್ಲಿಷ್ ದೊರೆಯಿಂದ ಮರಿಯಿದ್ದಾಗಲೇ ತಂದಿದ್ದರಂತೆ; ಹೆಸರು ಜಾರ್ಜ್. ಮಾಂಸ, ಮೊಟ್ಟೆ, ಬಿಸ್ಕತ್ತು ತಿಂದು ತಿಂದು ಅದು ಅಕ್ಕಿಮೂಟೆಯಂತೆ ಊದಿಕೊಂಡಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಮಲಗಿದರೆ ಗೊರಕೆ. ಮಿಕ್ಕ ಹೊತ್ತಿನಲ್ಲಿ ಅದರ ಹೊಟ್ಟೆಯ ವಾಯುವಿನಿಂದಾಗಿ ಕಚೇರಿಯ ಕಿಟಕಿಗಳೆಲ್ಲ ತೆರೆದೇ ಇರುತ್ತಿದ್ದವು. ಸಾಹೇಬರು ತರಬೇತಿಗೆ ಹೋಗುವ ಸುದ್ದಿ ಹಬ್ಬಿದ್ದೇ ತಡ, ಸಿರ್ಸಿ ಕಚೇರಿಯ ಅಷ್ಟೂ ಜನರ ಮನೆಯಲ್ಲಿ ಯಾರಾದರೊಬ್ಬರಿಗೆ ಕಾಯಿಲೆ ಬಂತು. ಪಾಪ, ಮಧುಕೇಶ್ವರ ಆ ದಿನ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಒಳಗೆ ಹೋದವನು ನಾಯಿ ಹಿಡಿದುಕೊಂಡು ಹೊರಗೆ ಬಂದ.

ಸಾಹೇಬರು ನಾಯಿಯ ಜೊತೆಗೆ ಒಂದು ದೊಡ್ಡ ತಗಡಿನ ಡಬ್ಬಿಯನ್ನೂ ಕೊಟ್ಟಿದ್ದರು. ಮೇಲೆ ಓಡುವ ನಾಯಿಯ ಚಿತ್ರ.

"ಮುಂಬಯಿಂದ ತರಿಸಿದ ತಾಕತ್ತಿನ ಗುಳಿಗಿ," ಎಂದರು ಸಾಹೇಬರು. "ದಿನಕ್ಕ ಒಂದು. ಎರಡು ಕೊಟ್ಟೀಯಂದ್ರ ಮೈ ಕಾಯತದ. ಅದಕ್ಕಿಂತ ಜಾಸ್ತಿ ಆತಂದ್ರ ನಾಯಿ ಕೈ ಬಿಟ್ಟಂಗ, ನೆನಪಿರಲಿ. ಯಲ್ಲಾಪುರದ ಕಾಡಿನ ಡಿಪೋಕ್ಕ ಇಲ್ಲಿಂದ ಒಬ್ಬ ಕಾರಕೂನನ್ನ ಕಳಸಬೇಕಂತ ದೊಡ್ಡ ಸಾಹೇಬರು ಕೂತಾರ. ನಿನ್ನ ಹೆಸರೂ ಬಾಯಾಗ ಅದ. ನಾಯಿ ಚಂದ ನೋಡಿಕೊಂಡ್ರ ನಿನ್ನ ಬಿಡಸೋ ಜವಾಬ್ದಾರಿ ನಂದು. ಅದಕ್ಕೇನರೆ ಆತಂದ್ರ..."

ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಯಲ್ಲಾಪುರವೆಂದರೆ ಮಧುಕೇಶ್ವರನಿಗೇನೂ ದ್ವೇಷವಿಲ್ಲ. ಆದರೆ ಹೆಂಡತಿ ಗಿರಿಜವ್ವ ಚೊಚ್ಚಲ ಹೆರಿಗೆಗೆಂದು ಬನವಾಸಿಯ ತವರಿಗೆ ಹೋಗಿದ್ದಳು. ಪ್ರತಿ ರವಿವಾರ ಅವನು ಸೈಕಲ್ ತುಳಿದುಕೊಂಡು ಹೋಗಿ, ಮಾವನ ಮನೆಯ ಕಟ್ಟೆಯ ಮೇಲೆ ಮರ್ಯಾದಸ್ಥನಂತೆ ಕೂತು, ಅತ್ತೆ ಒಳಗೆ ಹೋದಾಗ ಹೆಂಡತಿಯೊಂದಿಗೆ ನಾಲ್ಕು ಮಾತಾಡಿ ಬರುತ್ತಿದ್ದ. ವಾರದಲ್ಲಿ ಅವನು ನಿಜವಾಗಿ ಬದುಕುತ್ತಿದ್ದದ್ದು ಆ ನಾಲ್ಕು ಮಾತಿಗಾಗಿ. ಹೋದ ಸಲ ಗಿರಿಜವ್ವ ಕಣ್ಣು ತುಂಬಿಕೊಂಡು ಹೇಳಿದ್ದಳು: "ಕೂಸು ಹುಟ್ಟಿದಾಗ ನೀವು ಹತ್ರ ಇರಬೇಕು ನೋಡ್ರಿ. ಯಲ್ಲಾಪುರಕ್ಕ ಹೋದ್ರಿ ಅಂದ್ರ, ಕೂಸಿಗೆ ಹಲ್ಲು ಬಂದ ಮ್ಯಾಲೆ ಬರ್ತೀರಿ ನೀವು." ಅವನು ಮಧುಕೇಶ್ವರ ದೇವರ ಗುಡಿಯ ಕಡೆ ಕೈ ತೋರಿಸಿ ಮಾತು ಕೊಟ್ಟು ಬಂದಿದ್ದ. ದೇವರೂ ತಾನೂ ಒಂದೇ ಹೆಸರಿನವರಾದ್ದರಿಂದ ಮಾತು ನಡೆಯುತ್ತದೆಂದು ಅವನ ನಂಬಿಕೆ.

ಇನ್ನು ಅವನ ತಾಯಿ ಪಾರ್ವತವ್ವ. ಜಾರ್ಜ್ ಮನೆಗೆ ಬಂದ ದಿನವೇ ಆಕೆ ಹೊಸ್ತಿಲಲ್ಲಿ ನಿಂತು ಸಾರಿಬಿಟ್ಟಿದ್ದಳು: "ಲಿಂಗ ಕಟ್ಟಿದ ಮನಿ ಇದು. ಮಾಂಸ, ತತ್ತಿ ಅನ್ನೋ ಹೆಸರು ಇಲ್ಲೆ ಎತ್ತಬ್ಯಾಡ. ಇದ್ದಷ್ಟು ದಿನ ಅದೂ ನಮ್ಮಂಗ ಇರಬೇಕು." ಜಾರ್ಜ್ ಎರಡು ದಿನ ಮುನಿಸಿಕೊಂಡು ಉಪವಾಸ ಮಾಡಿತು. ಮೂರನೆಯ ದಿನ ರೊಟ್ಟಿ, ಮಜ್ಜಿಗೆ ಅನ್ನಕ್ಕೆ ಬಾಯಿ ಹಾಕಿತು. ವಾರ ಕಳೆಯುವಷ್ಟರಲ್ಲಿ ಪೂಜೆಯ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿ ಬಂದು ಕೂರತೊಡಗಿತು. ಪಾರ್ವತವ್ವ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಲ್ಲಿ ಉಳಿದದ್ದನ್ನು ಅದರ ಹಣೆಗೂ ಎಳೆಯುತ್ತಿದ್ದಳು. ಜಾರ್ಜ್ ಎನ್ನಲು ನಾಲಿಗೆ ಹೊರಳದೆ ಜಾಜಪ್ಪ ಎಂದು ಕರೆಯುತ್ತಿದ್ದಳು. ಗುಳಿಗೆಯ ಕೆಲಸವನ್ನೂ ಆಕೆಯೇ ವಹಿಸಿಕೊಂಡಳು. "ನೀ ಮರೀತಿ, ನಾ ಹಾಕ್ತೀನಿ ಬಿಡು" ಎಂದು ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ದಿನಾ ಮುಂಜಾನೆ ರೊಟ್ಟಿ ಚೂರಿನಲ್ಲಿ ಮುಚ್ಚಿ ತಿನ್ನಿಸುತ್ತಿದ್ದಳು.

ಹೀಗೆ ಎರಡು ತಿಂಗಳು ಸುಖವಾಗಿಯೇ ಕಳೆದವು. ಒಂದು ದಿನ ಬೆಳಗಾಗುವ ಮುಂಚೆ ಪಾರ್ವತವ್ವ ಸೊಸೆಯನ್ನು ನೋಡಿ ಬರಲು ಚೌಡನ ಎತ್ತಿನ ಗಾಡಿ ಹತ್ತಿದಳು. ಹತ್ತಿದ ಮೇಲೆ ತಿರುಗಿ ಹೇಳಿದಳು: "ಜಾಜಪ್ಪಗ ಗುಳಿಗಿ ಹಾಕೋದು ಮರೀಬ್ಯಾಡ. ಒಂದ ಹಾಕು. ಭಾಳ ತ್ರಾಸಿನ ಗುಳಿಗಿ ಅವು."

ಮಧುಕೇಶ್ವರ ಗೂಡಿನಿಂದ ಡಬ್ಬಿ ಇಳಿಸಿ, ಮೊದಲ ಬಾರಿಗೆ ಅದರ ಮುಚ್ಚಳ ತೆಗೆದ. ಗೋಲಿಯಷ್ಟು ದಪ್ಪದ ಕಂದು ಗುಳಿಗೆಗಳು ಬಾಯಿತನಕ ತುಂಬಿದ್ದವು. ವಾಸನೆ ಹಿತವಾಗಿಯೇ ಇತ್ತು. ಮುಂಬಯಿಯವರು ನಾಯಿಯ ಔಷಧವನ್ನೂ ಎಷ್ಟು ಘಮಘಮ ಮಾಡುತ್ತಾರಲ್ಲ ಎಂದುಕೊಂಡು ಒಂದನ್ನು ಎತ್ತಿಕೊಂಡ.

ಆಗಲೇ ರಸ್ತೆಯಾಚೆಯ ಚಹಾದಂಗಡಿಯಿಂದ ಬಸಪ್ಪನ ಗಂಟಲು ಕೇಳಿಸಿತು.

"ಕಾರಕೂನ್ರ! ಏ ಕಾರಕೂನ್ರ! ನಿಮ್ಮ ಸಾಹೇಬ್ರು ಸಂಜೀ ಮೋಟಾರಿಗೆ ಬರ್ತಾರಂತ! ಕಂಡಕ್ಟರ್ ಹೇಳಿ ಹೋದ!"

ಮಧುಕೇಶ್ವರ ಡಬ್ಬಿಯನ್ನು ನೆಲದ ಮೇಲಿಟ್ಟು ಹೊರಗೆ ಓಡಿದ. ಯಾರು ಹೇಳಿದರು, ಯಾವಾಗ ಹೇಳಿದರು, ಸಾಹೇಬರ ಮುಖ ಹೇಗಿತ್ತಂತೆ ಎಂದೆಲ್ಲ ಕೇಳಿಕೊಂಡು ಒಳಗೆ ಬಂದ. ಜಾರ್ಜ್ ಡಬ್ಬಿಯೊಳಗೆ ಮುಖವಿಟ್ಟು ತಳ ನೆಕ್ಕುತ್ತಿತ್ತು. ಇವನನ್ನು ಕಂಡು ಡಬ್ಬಿಯ ಸಮೇತ ತಲೆ ಎತ್ತಿತು. ಡಬ್ಬಿ ಕಳಚಿ ಬಿತ್ತು. ಒಳಗೆ ಒಂದೂ ಗುಳಿಗೆ ಇರಲಿಲ್ಲ. ಉಳಿದದ್ದು ಮಧುಕೇಶ್ವರನ ಕೈಯಲ್ಲಿದ್ದ ಒಂದೇ. ಅವನು ಬೆರಗಾಗಿ ನಿಂತಿರುವಾಗ ಜಾರ್ಜ್ ಅದನ್ನೂ ಮೆಲ್ಲಗೆ ಬಾಯಲ್ಲಿ ತೆಗೆದುಕೊಂಡಿತು.

ಮಧುಕೇಶ್ವರ ಡಬ್ಬಿ ಎತ್ತಿ ಅದರ ಮೇಲಿನ ಇಂಗ್ಲಿಷ್ ಓದಿದ. ಅವನ ಇಂಗ್ಲಿಷ್ ರಜೆಯ ಅರ್ಜಿ ಬರೆಯುವಷ್ಟರದು. ಆದರೂ ಕೆಂಪಕ್ಷರದ ಸಾಲು ಅರ್ಥವಾಯಿತು. ಹೆಚ್ಚು ತಿಂದರೆ ಕೂಡಲೇ ದನದ ಡಾಕ್ಟರರಿಗೆ ತೋರಿಸತಕ್ಕದ್ದು. ದನದ ಡಾಕ್ಟರರು ಇರುವುದು ಸಿರ್ಸಿಯಲ್ಲಿ. ಸಿರ್ಸಿಗೆ ಹೋಗುವ ಮುಂಜಾನೆಯ ಮೋಟಾರು ಈಗಷ್ಟೇ ಧೂಳೆಬ್ಬಿಸಿ ಹೋಗಿತ್ತು. ನಾಯಿಯನ್ನು ನಡೆಸಿಕೊಂಡು ಹೋದರೆ ನಡುದಾರಿಯಲ್ಲೇ ಸಾಹೇಬರು ಎದುರಾಗುತ್ತಾರೆ. ಅವನ ಕಣ್ಣ ಮುಂದೆ ಯಲ್ಲಾಪುರದ ಕಾಡು, ಆ ಕಾಡಿನ ನಡುವೆ ಒಂದು ಡಿಪೋ, ಡಿಪೋದ ಬಾಗಿಲಲ್ಲಿ ತಾನು, ಬನವಾಸಿಯಲ್ಲಿ ಹಲ್ಲು ಬಂದ ಕೂಸು, ಎಲ್ಲ ಒಟ್ಟಿಗೆ ಕಾಣಿಸಿದವು.

"ಅಯ್ಯೋ ಶಿವನ!" ಎಂದು ಅವನು ಕೂಗಿದ್ದು ತನಗೇ ಕೇಳಲೆಂದು. ಆದರೆ ಪಕ್ಕದ ಮನೆಯ ಗುರುಶಾಂತವ್ವನ ಕಿವಿ ಬೇಲಿಯ ಆಚೆಗಲ್ಲ, ಬೇಲಿಯ ಮೇಲೆಯೇ ಇರುತ್ತಿತ್ತು.

"ಏನಾತೋ ಮಧುಕೇಶಾ?"

"ಏನಿಲ್ಲ ಚಿಗವ್ವ."

"ಏನಿಲ್ಲ ಅಂದ್ರ ಏನೋ ಐತಿ" ಎನ್ನುತ್ತಾ ಗುರುಶಾಂತವ್ವ ತನ್ನ ಕುಂಬಳ ಬಳ್ಳಿಯನ್ನು ದಾಟಿ ಒಳಗೆ ಬಂದೇ ಬಿಟ್ಟಳು. ಆ ಬಳ್ಳಿಯ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಬೇಲಿಯ ಆಚೆ ನೆಟ್ಟದ್ದು, ಈಚೆಗೆ ಮಧುಕೇಶ್ವರನ ಮನೆಯ ತಿಪ್ಪೆಯ ಮೇಲೆ ಹಬ್ಬಿ, ಈ ಸಲ ಕೊಡಪಾನದಷ್ಟು ದೊಡ್ಡ ಕಾಯಿ ಬಿಟ್ಟಿತ್ತು. "ನನ್ನ ಕೈಗುಣ" ಎಂದು ಆಕೆ ಬಂದವರಿಗೆಲ್ಲ ಹೇಳಿಕೊಂಡು, ಹೋಳು ಹಂಚಿ, ಹಂಚಿದ್ದನ್ನು ವಾರಗಟ್ಟಲೆ ನೆನಪಿಸುತ್ತಿದ್ದಳು.

ಸಂಗತಿ ತಿಳಿದ ಗುರುಶಾಂತವ್ವ ಕೆನ್ನೆಗೆ ಕೈ ಹಚ್ಚಿದಳು. "ಇದು ಗುಳಿಗಿ ತಿಂದ ಕೆಲಸ ಅಲ್ಲಪಾ, ದೃಷ್ಟಿ. ಇಷ್ಟ ಚಂದ ನಾಯಿ ಬಾಗಲದಾಗ ಕುಂತ್ರ ಮಂದಿ ಕಣ್ಣು ಹತ್ತದ ಇರತೈತಾ? ಮೊದಲು ದೃಷ್ಟಿ ತಗೀಬೇಕು."

ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಹಿಡಿದು ಜಾರ್ಜನ ಸುತ್ತ ಇಳಿ ತೆಗೆದು ಒಲೆಗೆ ಹಾಕಿದಳು. ಹೊಗೆಗೆ ಮಧುಕೇಶ್ವರ ಕೆಮ್ಮಿದ, ಆಕೆ ಕೆಮ್ಮಿದಳು, ಜಾರ್ಜ್ ಸಾಲಾಗಿ ಸೀನಿತು. "ನೋಡಿದಿಲ್ಲೋ, ಎಷ್ಟು ದೃಷ್ಟಿ ಇತ್ತು!" ಎಂದು ಕಣ್ಣೊರೆಸಿಕೊಂಡು ಗುರುಶಾಂತವ್ವ ಸಮಾಧಾನಪಟ್ಟಳು.

ಅಷ್ಟರಲ್ಲಿ ಅಂಗಡಿಯನ್ನು ಗಿರಾಕಿಗಳ ಕೈಗೇ ಒಪ್ಪಿಸಿ ಬಸಪ್ಪ ಬಂದ. ಲೋಕದಲ್ಲಿ ಅವನಿಗೆ ಗೊತ್ತಿಲ್ಲದ್ದು ಒಂದೇ, ಚಹಾ ಮಾಡುವುದು.

"ದೃಷ್ಟಿ ಗಿಷ್ಟಿ ಏನೂ ಅಲ್ಲ. ಒಳಗ ಹೋಗಿದ್ದು ಹೊರಗ ಬರಬೇಕು. ಉಪ್ಪುನೀರು ಕುಡಸ್ರಿ, ಕಕ್ಕಿ ಬಿಡತೈತಿ."

ತಂಬಿಗೆ ತುಂಬ ಉಪ್ಪುನೀರು ಕಲಸಿ ಜಾರ್ಜನ ಮುಂದಿಟ್ಟರು. ಅದು ಮೂಸಿ ನೋಡಿ, ದೊಡ್ಡ ಮನುಷ್ಯರ ಮನೆಯ ನಾಯಿಯಂತೆ ಮುಖ ತಿರುಗಿಸಿತು.

"ನೀವ ಕುಡದು ತೋರಸ್ರಿ ಕಾರಕೂನ್ರ," ಎಂದ ಬಸಪ್ಪ. "ನಾಯಿ ಮಂದಿ ನೋಡಿ ಕಲಿತಾವು."

"ನಾನಾ? ನೀವ ಕುಡೀರಿ ಬಸಣ್ಣ."

"ನಾ ಕುಡದ್ರ ಏನು ಉಪಯೋಗ? ಅದಕ್ಕ ನಿಮ್ಮ ಗುರುತು ಅಲ್ಲೇನ್ರಿ ಇರೋದು!"

ಮಾತು ನ್ಯಾಯವಾಗಿಯೇ ಇತ್ತು. ಮಧುಕೇಶ್ವರ ಕಣ್ಣು ಮುಚ್ಚಿ ಅರ್ಧ ತಂಬಿಗೆ ಇಳಿಸಿದ. ನಾಯಿಗೆ ಇಷ್ಟವಾಗಲೆಂದು ತುಟಿ ಚಪ್ಪರಿಸಿದ. ಮರುಗಳಿಗೆ ಹಿತ್ತಲಿಗೆ ಓಡಿ, ಬೆಳಗಿನ ಉಪ್ಪಿಟ್ಟನ್ನೂ ನಿನ್ನೆ ರಾತ್ರಿಯ ರೊಟ್ಟಿಯನ್ನೂ ಒಂದೂ ಉಳಿಯದಂತೆ ತಿಪ್ಪೆಗೆ ಒಪ್ಪಿಸಿದ. ಜಾರ್ಜ್ ಪಕ್ಕದಲ್ಲಿ ಕೂತು, ತಲೆ ಓರೆ ಮಾಡಿ, ಬಹಳ ಆಸಕ್ತಿಯಿಂದ ನೋಡಿತು. ಕಲಿತಂತೆ ಕಾಣಲಿಲ್ಲ.

ಈಗ ಜಾರ್ಜನ ಲಕ್ಷಣಗಳು ಬೇರೆಯಾಗತೊಡಗಿದವು. ಮೊದಲು ದೊಡ್ಡದೊಂದು ತೇಗು ಬಂತು. ಆಮೇಲೆ ಬಾನಿಯ ನೀರನ್ನೆಲ್ಲ ಕುಡಿಯಿತು. ಅಂಗಳದಲ್ಲಿ ಸುಮ್ಮಸುಮ್ಮನೆ ಸುತ್ತು ಹೊಡೆಯಿತು. ಎರಡು ತಿಂಗಳ ಹಿಂದೆ ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದ ಪ್ರಾಣಿ ಈಗ ಕಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಹಾರುತ್ತಿತ್ತು.

"ಏರಿತು, ಮೈಗೆ ಏರಿತು!" ಎಂದ ಬಸಪ್ಪ. "ಇನ್ನ ನಮ್ಮ ಕೈಲಿಂದ ಆಗೂದಿಲ್ಲ. ದ್ಯಾಮಪ್ಪನ ಕರೀರಿ."

ದ್ಯಾಮಪ್ಪ ಸುತ್ತಲಿನ ಊರುಗಳ ಎತ್ತು ಎಮ್ಮೆಗಳಿಗೆ ಔಷಧ ಹಾಕುವವನು. ಒಂದು ಕೈಯಲ್ಲಿ ಔಷಧ ಕುಡಿಸುವ ಬಿದಿರಿನ ಗೊಟ್ಟ, ಇನ್ನೊಂದರಲ್ಲಿ ಔಡಲೆಣ್ಣೆಯ ಗಡಿಗೆ ಹಿಡಿದುಕೊಂಡೇ ಬಂದ. ನಾಯಿಗೆ ಔಷಧ ಹಾಕಿದ್ದೀಯಾ ಎಂದು ಮಧುಕೇಶ್ವರ ಕೇಳಿದ್ದಕ್ಕೆ ಅವನಿಗೆ ಸಿಟ್ಟೇ ಬಂತು.

"ನಾಯಿ ಅಂದ್ರ ಏನ್ರಿ ಕಾರಕೂನ್ರ? ಕೋಡಿಲ್ಲದ ಹೋರಿ. ಎತ್ತಿಗೆ ಒಂದು ಗೊಟ್ಟ, ಇದಕ್ಕ ಅರ್ಧಾ ಗೊಟ್ಟ. ಲೆಕ್ಕ ಅಷ್ಟ. ನೀವು ಮುಂದಿನ ಕಾಲು ಹಿಡ್ಕೋರಿ, ಬಸಣ್ಣ ಹಿಂದಿನ ಕಾಲು ಹಿಡೀಲಿ, ಚಿಗವ್ವ ಬಾಲ ಹಿಡೀಲಿ."

"ನಾ ಯಾಕ ಬಾಲ ಹಿಡೀಲಿ?" ಎಂದಳು ಗುರುಶಾಂತವ್ವ.

"ಸುಮ್ನ ನಿಂತವರು ಮಾತಾಡತಾರ, ಅದಕ್ಕ."

ಆಕೆ ಬಾಲ ಹಿಡಿದಳು. ದ್ಯಾಮಪ್ಪ ಗೊಟ್ಟಕ್ಕೆ ಎಣ್ಣೆ ತುಂಬಿ ಜಾರ್ಜನ ಬಾಯೊಳಗೆ ತೂರಿಸಿದ. ಎತ್ತುಗಳು ಗೊಟ್ಟವನ್ನು ಬಾಯಲ್ಲಿಟ್ಟುಕೊಂಡು ಸಹಿಸುತ್ತವೆ. ಜಾರ್ಜ್ ಎತ್ತಲ್ಲ ಎನ್ನುವುದು ಕಟಕ್ಕನೆ ಸದ್ದಾದಾಗ ಎಲ್ಲರಿಗೂ ತಿಳಿಯಿತು. ಗೊಟ್ಟ ಎರಡು ಹೋಳಾಗಿತ್ತು. ನಾಯಿ ಒಮ್ಮೆ ಮೈ ಕೊಡವಿತು. ಬಸಪ್ಪ ತುಳಸಿ ಗಿಡದ ಮೇಲೆ, ಗುರುಶಾಂತವ್ವ ಬಸಪ್ಪನ ಮೇಲೆ, ಎಣ್ಣೆಯ ಗಡಿಗೆ ನಾಯಿಯ ಮೇಲೆ.

ಅಪ್ಪಿತಪ್ಪಿ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆದರೆ ದ್ಯಾಮಪ್ಪ ಎದೆಗುಂದುವವನಲ್ಲ. "ಹೊರಗಿಂದ ತಿಕ್ಕಿದ್ರೂ ನಡೀತೈತಿ. ಎಣ್ಣಿ ತನ್ನ ದಾರಿ ತಾ ಹುಡಿಕ್ಕೊಂಡು ಒಳಗ ಹೋಗತೈತಿ" ಎಂದು ತಿಕ್ಕಲು ಕೂತ. ಜಾರ್ಜ್‌ಗೆ ಇದು ಹಿತವೆನಿಸಿತು. ಮಗ್ಗುಲು ತಿರುಗಿಸಿ ತಿರುಗಿಸಿ ತಿಕ್ಕಿಸಿಕೊಂಡಿತು. ಮೂರು ಜನ ಸೇರಿ ಹಬ್ಬದ ದಿನ ಅಳಿಯನಿಗೆ ಮಾಡುವಂತೆ ತಲೆಯಿಂದ ಬಾಲದ ತನಕ ಎಣ್ಣೆ ತಿಕ್ಕಿದರು.

ಇಷ್ಟಾಗುವಷ್ಟರಲ್ಲಿ ಸುದ್ದಿ ಊರು ತುಂಬ ಓಡಾಡಿ, ಓಡಾಡಿದಷ್ಟೂ ಬೆಳೆದಿತ್ತು. ಒಂದು ಕೇರಿಯಲ್ಲಿ ನಾಯಿಗೆ ಹುಚ್ಚು ಹಿಡಿದಿತ್ತು, ಇನ್ನೊಂದರಲ್ಲಿ ಗುಳಿಗೆ ತಿಂದವನು ಕಾರಕೂನನೇ ಆಗಿದ್ದ. ಡಿಪೋದ ಕಾವಲುಗಾರ ಜಟ್ಟಪ್ಪ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದು, ತಲೆವಸ್ತ್ರ ತೆಗೆದು, ತಗ್ಗಿದ ದನಿಯಲ್ಲಿ ಕೇಳಿದ:

"ಕುಣಿ ಎಲ್ಲಿ ತೋಡ್ಲಿ ಸಾಹೇಬ್ರ?"

"ಯಾರಿಗೆ?"

"ಅದು ನನಗೇನು ಗೊತ್ರಿ. ಮಂದಿ ನಾಯಿಗೆ ಅಂತಾರ, ಕೆಲವ್ರು ನಿಮಗ ಅಂತಾರ. ಯಾವುದಕ್ಕೂ ಇರ್ಲಿ ಅಂತ ತುಸು ಉದ್ದಾನ ತೋಡ್ತೇನಿ."

ಮಧುಕೇಶ್ವರನಿಗೆ ಅಳು ಬಂತು. ಅವನು ಜಾರ್ಜನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದರ ಎಣ್ಣೆ ಮುಖವನ್ನು ಎರಡು ಕೈಯಲ್ಲಿ ಹಿಡಿದ. ಎರಡು ತಿಂಗಳು ಒಂದೇ ಸೂರಿನಡಿ ಇದ್ದ ಮೇಲೆ ನಾಯಿಯ ಮೇಲೆ ಅವನಿಗೆ ಮಮತೆಯೂ ಬೆಳೆದಿತ್ತು. "ಸಾಯಬ್ಯಾಡೋ ಜಾಜಪ್ಪ. ಇದೊಂದು ದಿನ ತಡಿ. ನನಗ ಕೂಸು ಹುಟ್ಟೂದೈತಿ" ಎಂದ. ಜಾರ್ಜ್ ಅವನ ಮೂಗು ನೆಕ್ಕಿತು.

"ಮೈಯಾಗಿನ ಕಾವು ಇಳೀಬೇಕಂದ್ರ ಓಡಸಬೇಕ್ರಿ" ಎಂದು ಕೊನೆಯ ಸಲಹೆ ಕೊಟ್ಟವನು ಬಸಪ್ಪ. ನಾಯಿ ತಪ್ಪಿಸಿಕೊಳ್ಳದಿರಲೆಂದು ಹಗ್ಗದ ಒಂದು ತುದಿಯನ್ನು ಮಧುಕೇಶ್ವರನ ಸೊಂಟಕ್ಕೆ ಬಿಗಿದವನೂ ಅವನೇ.

ಓಡಿಸುವ ಅಗತ್ಯ ಬೀಳಲಿಲ್ಲ. ಹೊಟ್ಟೆಯೊಳಗೆ ಅಷ್ಟೂ ಗುಳಿಗೆಯ ಕಾವು, ಹೊರಗೆ ಮಧ್ಯಾಹ್ನದ ಬಿಸಿಲು. ಜಾರ್ಜ್‌ಗೆ ದೂರದಲ್ಲಿ ಕೆರೆ ಕಾಣಿಸಿತು. ಮುಂದೆ ನಾಯಿ, ಹಿಂದೆ ಕಾರಕೂನ. ಬಸಪ್ಪನ ಅಂಗಡಿಯ ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಹೊರಟರು. ಹೋಗುವಾಗ ಬೆಂಚೊಂದು ಸ್ವಲ್ಪ ದೂರ ಜೊತೆಗೆ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು "ಏ ಅಣ್ಣಾ, ನಿಂದ್ರು!" ಎಂದು ಕೂಗಿದ್ದು ನಾಯಿಗೋ ಅವನಿಗೋ ತಿಳಿಯಲಿಲ್ಲ, ಇಬ್ಬರೂ ನಿಲ್ಲಲಿಲ್ಲ. ಜಾರ್ಜ್ ಕೆರೆಗೆ ಹಾರಿತು. ಸೊಂಟದ ಹಗ್ಗ ತನ್ನ ಕರ್ತವ್ಯ ಮಾಡಿತು.

ಸಂಜೆಯ ಹೊತ್ತಿಗೆ ಇಬ್ಬರೂ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಮಧುಕೇಶ್ವರನ ಕೆನ್ನೆ ಗುಳಿ ಬಿದ್ದಿತ್ತು, ಕಣ್ಣು ಒಳಗೆ ಹೋಗಿತ್ತು, ಅಂಗಿಯ ಜೇಬಿನಲ್ಲಿ ಕೆರೆಯ ಪಾಚಿ ಇತ್ತು. ಜಾರ್ಜ್ ಮಾತ್ರ ಎಣ್ಣೆ ಹಚ್ಚಿ ಮೀಸಿದ ಮದುಮಗನಂತೆ ಮಿರಮಿರ ಮಿಂಚುತ್ತಿತ್ತು. ಬಾಗಿಲ ಬಳಿ ಕೂರುವ ಅಭ್ಯಾಸದಂತೆ ನೆಟ್ಟಗೆ, ಗಂಭೀರವಾಗಿ ಕೂತಿತ್ತು. ಸತ್ತಿಲ್ಲ, ಸಾಯುವ ಲಕ್ಷಣವೂ ಇಲ್ಲ. ಬಸಪ್ಪ, ಗುರುಶಾಂತವ್ವ, ದ್ಯಾಮಪ್ಪ ಮೂವರೂ ಅದನ್ನು ಬದುಕಿಸಿದವರು ಯಾರು ಎಂದು ಅಂಗಳದಲ್ಲಿ ಜಗಳಾಡುತ್ತಿದ್ದರು. ಡಬ್ಬಿ ಖಾಲಿಯಾದದ್ದಕ್ಕೆ, ಗುಳಿಗೆ ಎರಡು ತಿಂಗಳಿಗೆ ಸರಿಹೋಯಿತು ಎಂದರಾಯಿತು. ಮಧುಕೇಶ್ವರ ಆ ದಿನ ಮೊದಲ ಬಾರಿಗೆ ನೆಮ್ಮದಿಯ ಉಸಿರು ಬಿಟ್ಟ.

ಮೋಟಾರು ಬಂತು. ಕರ್ಜಗಿ ಸಾಹೇಬರು ಇಳಿದು ನೇರ ಅಂಗಳಕ್ಕೆ ಬಂದರು. ಬಂದವರು ನಿಂತಲ್ಲೇ ನಿಂತರು.

"ಇದು... ನಮ್ಮ ಜಾರ್ಜ್ ಏನು?"

ಜಾರ್ಜ್ ಒಂದೇ ನೆಗೆತಕ್ಕೆ ಕಟ್ಟೆ ಇಳಿದು ಅವರ ಎದೆಗೆ ಕಾಲು ಕೊಟ್ಟಿತು. ಸಾಹೇಬರು ಅದರ ಸೊಂಟ ಮುಟ್ಟಿ ನೋಡಿದರು. ಸೊಂಟ ಇತ್ತು! ಪಕ್ಕೆಲುಬು ಮುಟ್ಟಿದರು, ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ ಜಾಗರೂಕತೆಯಿಂದ ಗಾಳಿ ಮೂಸಿದರು.

"ವಾಯುನೂ ಹೋಗ್ಯದ! ಧಾರವಾಡದ ಡಾಕ್ಟರರ ಕೈಲೆ ಆಗಲಾರದ್ದು ನೀ ಹೆಂಗ ಮಾಡಿದ್ಯೋ? ಶಾಬ್ಬಾಸ್ ಮಧುಕೇಶಾ, ಶಾಬ್ಬಾಸ್! ನನ್ನ ತಮ್ಮ ಇದ್ರೂ ಇಷ್ಟು ಮಾಡ್ತಿದ್ದಿಲ್ಲ."

ಮಧುಕೇಶ್ವರ ನಾಚಿ ಕೈ ಮುಗಿದ. ಅವನ ಮನಸ್ಸು ಬನವಾಸಿಯ ದಾರಿಯಲ್ಲಿ ಸೈಕಲ್ ಗಂಟೆ ಬಾರಿಸುತ್ತಿತ್ತು.

"ಇಂಥ ಮನಶ್ಯಾನ್ನ ನಾ ಬಿಡಂಗಿಲ್ಲ," ಎಂದರು ಸಾಹೇಬರು. "ನನಗ ಯಲ್ಲಾಪುರಕ್ಕ ವರ್ಗ ಆಗ್ಯದ. ನಾಳೆ ಹೊರಡೋದು. ದೊಡ್ಡ ಸಾಹೇಬರ ಹಂತೇಲೆ ಮಾತಾಡಿ ನಿನ್ನೂ ನನ್ನ ಕೂಡನ ಕರಕೊಂಡು ಹೋಗತೇನಿ. ಜಾರ್ಜ್‌ನ ಜವಾಬ್ದಾರಿ ಇನ್ನ ಕಾಯಂ ನಿಂದ!"

ಸೈಕಲ್ ಗಂಟೆ ನಿಂತಿತು. ನಾಯಿ ಕೆಟ್ಟರೆ ಯಲ್ಲಾಪುರ ಅಂದಿದ್ದರು. ಈಗ ಚೆನ್ನಾಗಿದ್ದರೂ ಯಲ್ಲಾಪುರ. ಮಧುಕೇಶ್ವರ ಒಂದು ಗಳಿಗೆ ಯೋಚಿಸಿದ. ಕೆಟ್ಟವನಾದರೆ ಮಾತ್ರ ಉಳಿಗಾಲ! ಧಡಕ್ಕನೆ ಸಾಹೇಬರ ಕಾಲಿಗೆ ಬಿದ್ದ.

"ತಪ್ಪಾತ್ರಿ ಸಾಹೇಬ್ರ! ನಾ ನಂಬಿಕಿ ಮನಶ್ಯಾ ಅಲ್ರಿ! ಇವತ್ತ ಮುಂಜಾನಿ ಡಬ್ಬಿ ತಗದಿಟ್ಟು ಹೊರಗ ಹೋಗಿದ್ದೆ. ನಾಯಿ ಇದ್ದಬಿದ್ದ ಗುಳಿಗಿ ಎಲ್ಲಾ ನುಂಗೇತಿ. ನನ್ನ ಕೈಯಾಗ ನಾಯಿ ಕೊಡಬ್ಯಾಡ್ರಿ. ಕೊಂದು ಹಾಕ್ತೇನಿ!"

ಸಾಹೇಬರ ಮುಖ ಮೆಣಸಿನಹಣ್ಣಾಯಿತು. "ಡಬ್ಬಿ ತುಂಬ ಗುಳಿಗಿ? ಮುಂಬಯಿ ಗುಳಿಗಿ? ಮೂಕ ಪ್ರಾಣಿ ಒಂದು ನೋಡಿಕೊಳ್ಳಲಿಕ್ಕೆ ಆಗಲಿಲ್ಲಲ್ಲೋ ನಿನಗ! ನಿನ್ನಂಥ ಹೊಣಿಗೇಡಿ ನನ್ನ ಹಂತೇಲೆ ಒಂದು ದಿನಾನೂ ಇರಬಾರದು. ಯಲ್ಲಾಪುರಕ್ಕ ಬೇರೆ ಕಾರಕೂನನ್ನ ಕರಕೊಂಡು ಹೋಗತೇನಿ. ನೀ ಇಲ್ಲೇ ಬಿದ್ದಿರು, ಈ ದಾಸನಕೊಪ್ಪದಾಗ, ಪಿಂಚಣಿ ತನಕಾ!"

ಇದಕ್ಕಿಂತ ಸಿಹಿಯಾದ ಬೈಗುಳವನ್ನು ಮಧುಕೇಶ್ವರ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಗು ಕಾಣದಿರಲೆಂದು ಮುಖವನ್ನು ನೆಲಕ್ಕೆ ಒತ್ತಿಕೊಂಡು "ಹೌದ್ರಿ, ಹೌದ್ರಿ" ಎನ್ನುತ್ತಾ ಬಿದ್ದುಕೊಂಡ. ಅವನ ಭುಜ ಕುಲುಕುವುದನ್ನು ಕಂಡು ಗುರುಶಾಂತವ್ವ ಅಳುತ್ತಿದ್ದಾನೆಂದು ತಾನೂ ಸೆರಗು ಕಣ್ಣಿಗೆ ಹಚ್ಚಿದಳು.

ಅದೇ ಹೊತ್ತಿಗೆ ಚೌಡನ ಗಾಡಿ ಬಾಗಿಲಿಗೆ ಬಂತು. ಪಾರ್ವತವ್ವ ಇಳಿದಳು. ಮಗ ನೆಲದ ಮೇಲೆ, ಸಾಹೇಬರು ಕೆಂಡ. ಯಾಕೆಂದು ಬಸಪ್ಪ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಹೆತ್ತ ಕರುಳು ಸುಮ್ಮನಿರುತ್ತದೆಯೇ?

"ಯಾಕ್ರಿ ಸಾಹೇಬ್ರ, ಸುಳ್ಳ ನನ್ನ ಮಗನ್ನ ಬೈತೀರಿ? ನಿಮ್ಮ ಮುಂಬಯಿ ಗುಳಿಗಿ ಅದು ಒಂದೂ ತಿಂದಿಲ್ಲ!"

"ಅವ್ವಾ, ನೀ ಸುಮ್ಮನಿರ" ಎಂದು ನೆಲದಿಂದ ಒಂದು ದನಿ ಬಂತು.

"ನೀ ಸುಮ್ಮನಿರು. ಡಬ್ಬಿ ತಂದ ದಿನಾನ ಮುಚ್ಚಳ ತಗದು ಮೂಸಿ ನೋಡಿದೆ ನಾನು. ಮೀನಿನ ಎಣ್ಣಿ ವಾಸನಿ, ಎಲುವಿನ ಪುಡಿ ವಾಸನಿ! ಶಿವಶಿವಾ, ಪೂಜಿ ಮನಿಯಾಗ ಅದನ್ನ ಇಟ್ಕೊಳ್ಳಾಕ ಆಗತೈತೇನ್ರಿ? ಹಂಗ ಒಯ್ದು ತಿಪ್ಪಿಗೆ ಸುರುವಿದೆ. ಡಬ್ಬಿ ತೊಳದು, ಶುಂಠಿ, ಓಮ, ಮೆಣಸು ಕುಟ್ಟಿ, ಹಳೇ ಬೆಲ್ಲ ಹಾಕಿ ನಾನ ಗುಳಿಗಿ ಕಟ್ಟಿ ತುಂಬಿದ್ದೆ. ಕುಟ್ಟಿ ಕುಟ್ಟಿ ನನ್ನ ರಟ್ಟಿ ಬಿದ್ದು ಹೋಗ್ಯಾವು. ಮುಗಿದಂಗ ಮುಗಿದಂಗ ಮತ್ತ ಕಟ್ಟಿ ತುಂಬತಿದ್ದೆ. ಡಬ್ಬಿ ತುಂಬ ತಿಂದ್ರ ಏನಾಗತೈತಿ? ನಾಕು ತೇಗು ಬರತಾವು, ಅಷ್ಟ!"

ಜಾರ್ಜ್ ಸರಿಯಾಗಿ ಅದೇ ಹೊತ್ತಿಗೆ ಐದನೆಯದೋ ಆರನೆಯದೋ ತೇಗು ತೇಗಿತು. ಗುರುಶಾಂತವ್ವ ಮೊದಲು ಪಾರ್ವತವ್ವನನ್ನು, ಆಮೇಲೆ ತಿಪ್ಪೆಯನ್ನು, ತಿಪ್ಪೆಯ ಮೇಲಿನ ತನ್ನ ಕುಂಬಳಕಾಯಿಯನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಮನೆಗೆ ಹೊರಟಳು. ಆಕೆಯಿಂದ ಹೋಳು ಪಡೆದು ಪಲ್ಯ ಮಾಡಿ ಉಂಡಿದ್ದ ಬಸಪ್ಪ ಉಗುಳು ನುಂಗಿದ.

ಸಾಹೇಬರು ಮೊದಲು ಪಿಳಿಪಿಳಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಗ್ಗಿ ಮಧುಕೇಶ್ವರನ ರಟ್ಟೆ ಹಿಡಿದು ಎಬ್ಬಿಸಿ ಎದೆಗೆ ಅಪ್ಪಿಕೊಂಡರು.

"ಎಲಾ ಇವನ! ಮಾಡಲಾರದ ತಪ್ಪೂ ತನ್ನ ತಲಿ ಮ್ಯಾಲೆ ಹಾಕ್ಕೊಳ್ಳೋ ಇಂಥ ಪ್ರಾಮಾಣಿಕ ಮನಶ್ಯಾ ನಮ್ಮ ಜಂಗಲ್ ಖಾತೆದಾಗ ಎಲ್ಲಿ ಸಿಗಬೇಕು! ಕೆಲಸಕ್ಕೂ ನೀನ, ನಾಯಿಗೂ ನೀನ. ನಾಳೆ ಮುಂಜಾನೆ ಮೊದಲ ಮೋಟಾರಿಗೆ ಗಂಟು ಕಟ್ಟಿಕೊಂಡು ಬಾ. ಅವ್ವಾರ, ಆ ಗುಳಿಗಿ ಕಟ್ಟೋದು ಇವಗೂ ತುಸು ಕಲಿಸಿ ಕಳಸ್ರಿ. ಜಾರ್ಜ್‌ಗೂ ಆತು, ನನಗೂ ಆತು. ವಾಯು ನನಗೂ ಅದ."

"ಅದಕ್ಕೇನ್ರಿ, ರಾತ್ರಿನ ಕಲಿಸ್ತೇನಿ," ಎಂದಳು ಪಾರ್ವತವ್ವ ಹಿಗ್ಗಿ. ಆಮೇಲೆ ಮಗನ ಕಡೆ ತಿರುಗಿ, "ನಿನಗೊಂದು ಹೇಳೋದು ಮರತೆ ನೋಡು. ಗಿರಿಜವ್ವಗ ಇನ್ನ ಹತ್ತು ದಿನ ಅಂತ ಹೇಳ್ಯಾಳ ಸೂಲಗಿತ್ತಿ. ಹತ್ರನ ಇರ್ರಿ ಅಂತ ನಿನ್ನ ಹೇಣ್ತಿ ಹೇಳಂದ್ಲು" ಎಂದಳು.

ಮಧುಕೇಶ್ವರ ಆ ರಾತ್ರಿ ಒಂದು ಕೈಯಲ್ಲಿ ಗಂಟು ಕಟ್ಟಿದ, ಇನ್ನೊಂದರಲ್ಲಿ ಶುಂಠಿ ಕುಟ್ಟಿದ.

ಬನವಾಸಿಯಲ್ಲಿ ಹೆಣ್ಣು ಕೂಸು ಹುಟ್ಟಿದ ಸುದ್ದಿ ಯಲ್ಲಾಪುರದ ಕಾಡು ಹೊಕ್ಕು ಅವನನ್ನು ಮುಟ್ಟಿತು. ರಜೆ ಕೇಳಲು ಹೋದಾಗಲೆಲ್ಲ ಸಾಹೇಬರು ಪ್ರೀತಿಯಿಂದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: "ನೀ ಹೋದ್ರ ಜಾರ್ಜ್‌ಗೆ ಗುಳಿಗಿ ಹಾಕವ್ರು ಯಾರು?" ಜಾರ್ಜ್ ಬೇರೆ ಯಾರ ಕೈಯಿಂದಲೂ ತಿನ್ನುತ್ತಿರಲಿಲ್ಲ.

ಕಡೆಗೂ ರಜೆ ಸಿಕ್ಕಿ ಬನವಾಸಿಗೆ ಬಂದು ಮಗಳನ್ನು ಎತ್ತಿಕೊಂಡ ದಿನ ಮಧುಕೇಶ್ವರನ ಕಣ್ಣು ಮಂಜಾಗಿತ್ತು. ಮುದ್ದು ಮಾಡಲೆಂದು ಕೂಸಿನ ತುಟಿಗೆ ಬೆರಳು ತಾಗಿಸಿದ. ಅದು ಲಟಕ್ಕನೆ ಕಚ್ಚಿತು. ಗಿರಿಜವ್ವ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

"ಎಷ್ಟು ಬಂದಾವು, ಎಣಸ್ರಿ" ಎಂದಳು.